ನಿಯಮ ಅದೇ, ಅಳತೆಗೋಲು ಬೇರೆ

2025ರ ಜೂನ್ 1, ಭಾನುವಾರ. ಬಾರ್ಸಿಲೋನಾದಲ್ಲಿ ಸ್ಪೇನ್ ಗ್ರ್ಯಾನ್ ಪ್ರಿ. ಗೆದ್ದಿದ್ದು ಆಸ್ಕರ್ ಪಿಯಾಸ್ಟ್ರಿ, ಎರಡನೇ ಸ್ಥಾನ ಲ್ಯಾಂಡೊ ನಾರಿಸ್. ಇಬ್ಬರೂ ಮೆಕ್‌ಲಾರೆನ್ ಚಾಲಕರು. ಅದಕ್ಕೂ ಮುಂಚಿನ 8 ರೇಸ್‌ಗಳಲ್ಲಿ 6 ಗೆದ್ದಿದ್ದು ಇದೇ ತಂಡ. ಹಾಗಾದ್ರೆ ಇದರಲ್ಲಿ ಸುದ್ದಿ ಏನು?

ಸುದ್ದಿ ಇರೋದು ಗೆದ್ದಿದ್ದರಲ್ಲಿ ಅಲ್ಲ. ಅವತ್ತು ಮೆಕ್‌ಲಾರೆನ್‌ನ ಓಟಕ್ಕೆ ಕಡಿವಾಣ ಬೀಳುತ್ತೆ ಅಂತ ಅರ್ಧ ಫಾರ್ಮುಲಾ ಒನ್ ಲೋಕ ಕಾದು ಕೂತಿತ್ತು. ಯಾಕಂದ್ರೆ ಕಾರಿನ ಮುಂದಿನ ರೆಕ್ಕೆ, ಅಂದರೆ ಫ್ರಂಟ್ ವಿಂಗ್ ಎಷ್ಟು ಬಾಗಬಹುದು ಅನ್ನೋ ಪರೀಕ್ಷೆ ಅದೇ ರೇಸ್‌ನಿಂದ ಬಿಗಿಯಾಯ್ತು. ನಿಂತ ಕಾರಿನ ರೆಕ್ಕೆಯ ಮೇಲೆ 100 ಕೆಜಿಯಷ್ಟು ಭಾರ ಹೇರಿದಾಗ ಅದು ಮೊದಲು 15 ಮಿಲಿಮೀಟರ್ ಬಾಗಬಹುದಿತ್ತು. ಇನ್ಮುಂದೆ 10 ಮಾತ್ರ. ಫೆರಾರಿ ತಂಡದ ಮುಖ್ಯಸ್ಥ ಫ್ರೆಡ್ ವಾಸರ್ ಅಂತೂ ಇದು ಆಟವನ್ನೇ ಬದಲಿಸಬಹುದು ಎಂಬ ನಿರೀಕ್ಷೆಯಲ್ಲಿದ್ದರು. ರೇಸ್ ಮುಗಿದಾಗ? ಮೆಕ್‌ಲಾರೆನ್ ಮೊದಲಿನ ಎರಡೂ ಸ್ಥಾನ ತೆಗೆದುಕೊಂಡು ಹೋಯಿತು. ಫೆರಾರಿಯ ಲೂಯಿಸ್ ಹ್ಯಾಮಿಲ್ಟನ್, ಇದೆಲ್ಲ ದುಡ್ಡು ದಂಡ ಅನ್ನೋ ಅರ್ಥದಲ್ಲಿ ಮಾತಾಡಿದರು.

5 ಮಿಲಿಮೀಟರ್. ನಿಮ್ಮ ಮನೆಯ ಸ್ಕೇಲ್ ತೆಗೆದು ನೋಡಿ, ಅರ್ಧ ಸೆಂಟಿಮೀಟರ್. ಇಷ್ಟಕ್ಕೆ ಯಾಕೆ ಇಷ್ಟು ಗಲಾಟೆ ಅನ್ನೋದನ್ನ ಮೊದಲು ಅರ್ಥ ಮಾಡಿಕೊಳ್ಳೋಣ.

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಗಾಳಿ ಕೈಯನ್ನು ಮೇಲಕ್ಕೆ ಎತ್ತುತ್ತೆ. (ಮಾಡೋಕೆ ಹೋಗಬೇಡಿ, ಕಂಡಕ್ಟರ್ ಬೈತಾರೆ.) ವಿಮಾನ ಹಾರೋದು ಹೀಗೆ. ಅದೇ ಅಂಗೈಯನ್ನು ಕೆಳಮುಖವಾಗಿ ಓರೆ ಮಾಡಿದರೆ ಗಾಳಿ ಕೈಯನ್ನು ಕೆಳಕ್ಕೆ ತಳ್ಳುತ್ತೆ. ರೇಸ್ ಕಾರಿನ ರೆಕ್ಕೆ ಈ ಎರಡನೇ ಕೆಲಸ ಮಾಡೋದು. ಕಾರನ್ನು ನೆಲಕ್ಕೆ ಅದುಮಿ ಹಿಡಿಯುತ್ತೆ, ಟೈರಿಗೆ ಹಿಡಿತ ಕೊಡುತ್ತೆ. ಗೋಳು ಏನಪ್ಪಾ ಅಂದ್ರೆ, ವೇಗ ಎರಡು ಪಟ್ಟಾದರೆ ಈ ಅದುಮುವ ಬಲ ನಾಲ್ಕು ಪಟ್ಟಾಗುತ್ತೆ. ನಿಧಾನದ ತಿರುವಿನಲ್ಲಿ ಕಾರಿನ ಮೂತಿ ಚೆನ್ನಾಗಿ ತಿರುಗಲಿ ಅಂತ ಮುಂದಿನ ರೆಕ್ಕೆಯನ್ನು ದೊಡ್ಡದಾಗಿ ನಿಲ್ಲಿಸಿದರೆ, ವೇಗದ ತಿರುವಿನಲ್ಲಿ ಅದೇ ರೆಕ್ಕೆ ಅತಿಯಾಗಿ ಕಚ್ಚಿಕೊಂಡು ಹಿಂಭಾಗ ಜಾರುತ್ತೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ.

ಇದಕ್ಕೆ ಎಂಜಿನಿಯರ್‌ಗಳು ಹುಡುಕಿದ ದಾರಿ, ಬಾಗುವ ರೆಕ್ಕೆ. ನಿಧಾನದಲ್ಲಿ ನೆಟ್ಟಗೆ ನಿಂತಿರುತ್ತೆ, ವೇಗ ಏರಿದ ಹಾಗೆ ಗಾಳಿಯ ಒತ್ತಡಕ್ಕೆ ಹಿಂದಕ್ಕೆ ಮಲಗುತ್ತೆ. ಒಂದೇ ರೆಕ್ಕೆ, ಎರಡು ಗುಣ. ಮೋಟಾರ್ ಇಲ್ಲ, ಬಟನ್ ಇಲ್ಲ. ಕಾರ್ಬನ್ ಫೈಬರ್ ಪದರಗಳನ್ನು ಯಾವ ದಿಕ್ಕಿಗೆ ಜೋಡಿಸಿದ್ದಾರೆ ಅನ್ನೋದರಲ್ಲೇ ಎಲ್ಲ ಅಡಗಿದೆ. ನಿಜ ಹೇಳ್ತೀನಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನನಗೆ ಇದನ್ನು ನೋಡಿದಾಗ ಮೋಸ ಅನ್ನಿಸಲ್ಲ, ಚಪ್ಪಾಳೆ ತಟ್ಟಬೇಕು ಅನ್ನಿಸುತ್ತೆ.

ಹಾಗಾದ್ರೆ ನಿಯಮ ಏನು ಹೇಳುತ್ತೆ? ಗಾಳಿಯ ಮೇಲೆ ಪರಿಣಾಮ ಬೀರುವ ಭಾಗ ಅಲುಗಾಡಬಾರದು ಅನ್ನೋದು ಹಳೆಯ ನಿಯಮ. ಆದರೆ ಜಗತ್ತಿನಲ್ಲಿ ಬಾಗದೇ ಇರುವ ವಸ್ತು ಒಂದೂ ಇಲ್ಲ. ವಿಧಾನಸೌಧದ ತೊಲೆಯೂ ಒಂದಿಷ್ಟು ಬಾಗುತ್ತೆ. ಆದ್ದರಿಂದ ಇಷ್ಟು ಭಾರಕ್ಕೆ ಇಷ್ಟು ಬಾಗಿದರೆ ಪಾಸ್, ಅದಕ್ಕಿಂತ ಹೆಚ್ಚು ಬಾಗಿದರೆ ಫೇಲ್ ಅಂತ ಫಾರ್ಮುಲಾ ಒನ್ ನಡೆಸುವ ಸಂಸ್ಥೆ ಎಫ್‌ಐಎ ಒಂದು ಪರೀಕ್ಷೆ ಇಟ್ಟಿದೆ. ಎಂಜಿನಿಯರ್‌ಗಳು ಏನು ಮಾಡ್ತಾರೆ? ನಾವು ಯೂನಿವರ್ಸಿಟಿ ಪರೀಕ್ಷೆಗೆ ಹಳೇ ಪ್ರಶ್ನೆಪತ್ರಿಕೆ ನೋಡಿಕೊಂಡು ಓದಿದ ಹಾಗೆ, ಆ ಪರೀಕ್ಷೆಯಲ್ಲಿ ಪಾಸಾಗಿ ಟ್ರ್ಯಾಕ್‌ನಲ್ಲಿ ತನಗೆ ಬೇಕಾದ ಹಾಗೆ ಬಾಗುವ ರೆಕ್ಕೆ ಮಾಡ್ತಾರೆ. ಆಗ ಎಫ್‌ಐಎ ಪ್ರಶ್ನೆಪತ್ರಿಕೆ ಬದಲಿಸುತ್ತೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. 2025ರ ಐಪಿಎಲ್ ನಡುವೆ ಅಂಪೈರ್‌ಗಳು ಮೈದಾನದಲ್ಲೇ ಗೇಜ್ ಹಿಡಿದು ಬ್ಯಾಟ್ ಅಳೆಯೋಕೆ ಶುರು ಮಾಡಿದ್ದು ನೆನಪಿದೆಯಾ? ಬ್ಯಾಟ್ ಎಷ್ಟು ದಪ್ಪ ಇರಬೇಕು ಅನ್ನೋ ನಿಯಮ ಬದಲಾಗಲಿಲ್ಲ. ಅಳೆಯುವ ಜಾಗ ಮತ್ತು ಹೊತ್ತು ಬದಲಾಯ್ತು. ಮೋಟಾರ್ ರೇಸಿಂಗ್‌ನಲ್ಲಿ ಸೀಸನ್ ಮಧ್ಯೆ ನಡೆಯುವ ಬದಲಾವಣೆಗಳಲ್ಲಿ ಬಹುಪಾಲು ಇದೇ ಜಾತಿಯವು. ನಿಯಮದ ಪುಸ್ತಕ ತಿದ್ದಬೇಕು ಅಂದ್ರೆ ತಂಡಗಳ ಒಪ್ಪಿಗೆ ಬೇಕು, ಅದು ಸುಲಭಕ್ಕೆ ಸಿಗಲ್ಲ. ಗೆಲ್ಲುತ್ತಿರುವವನು ಯಾಕೆ ಒಪ್ಪುತ್ತಾನೆ ಹೇಳಿ? ಅದಕ್ಕೇ ಎಫ್‌ಐಎ ಬಳಿ ಎರಡು ಅಸ್ತ್ರ ಇವೆ. ಒಂದು, 'ಟೆಕ್ನಿಕಲ್ ಡೈರೆಕ್ಟಿವ್' ಅನ್ನೋ ಸುತ್ತೋಲೆ. ಇರುವ ನಿಯಮವನ್ನು ನಾವು ಇನ್ಮುಂದೆ ಹೀಗೆ ಓದುತ್ತೇವೆ, ಹೀಗೆ ಅಳೆಯುತ್ತೇವೆ ಅಂತ ಹೇಳೋದು. ಎರಡನೆಯದು, ಸುರಕ್ಷತೆ. ಜೀವಕ್ಕೆ ಅಪಾಯ ಅಂದರೆ ಯಾರನ್ನೂ ಕೇಳಬೇಕಿಲ್ಲ, ನಾಳೆಯಿಂದಲೇ ಬದಲಿಸಬಹುದು.

ಈ ಎರಡು ಅಸ್ತ್ರಗಳು ಯಾರಿಗೆ ತಗಲುತ್ತವೆ? ಟಿವಿ ಚರ್ಚೆಗಳಲ್ಲಿ ಸುಲಭದ ಉತ್ತರ ಒಂದಿದೆ: ಮುಂದಿರುವವನನ್ನು ಹಿಡಿದು ಎಳೆಯೋಕೆ ನಿಯಮ ಬದಲಿಸ್ತಾರೆ, ಅವನು ಸೋಲ್ತಾನೆ. ದಾಖಲೆಗಳನ್ನು ತೆಗೆದು ನೋಡಿದರೆ ಕಥೆ ಬೇರೆಯೇ ಇದೆ. ಮುಂದಿರುವವನು ಹಲವು ಸಲ ಮೈ ಕೊಡವಿಕೊಂಡು ಎದ್ದು ಹೋಗ್ತಾನೆ. ಪೆಟ್ಟು ತಿನ್ನುವವನು, ಇಡೀ ಕಾರನ್ನು ಒಂದೇ ಒಂದು ಅಂಶದ ಸುತ್ತ ಕಟ್ಟಿದವನು. ಅಥವಾ ಕಾರನ್ನು ಮತ್ತೆ ಕಟ್ಟೋಕೆ ದುಡ್ಡು, ಸಮಯ ಎರಡೂ ಇಲ್ಲದವನು.

2003ಕ್ಕೆ ಹೋಗೋಣ. ಆಗ ಎರಡು ಟೈರ್ ಕಂಪನಿಗಳ ಯುದ್ಧ. ಮೈಕಲ್ ಶೂಮಾಕರ್ ಮತ್ತು ಫೆರಾರಿ ಕಡೆ ಜಪಾನಿನ ಬ್ರಿಜ್‌ಸ್ಟೋನ್. ವಿಲಿಯಮ್ಸ್, ಮೆಕ್‌ಲಾರೆನ್, ರೆನೋ ಕಡೆ ಫ್ರಾನ್ಸಿನ ಮಿಶೆಲಿನ್. ಆಗಸ್ಟ್ 24ರಂದು ಹಂಗೇರಿಯಲ್ಲಿ 22 ವರ್ಷದ ಫರ್ನಾಂಡೊ ಅಲೊನ್ಸೊ ತನ್ನ ಮೊದಲ ಗೆಲುವು ಕಂಡ. ಶೂಮಾಕರ್ ಎಂಟನೇ ಸ್ಥಾನ, ಅದೂ ಒಂದು ಸುತ್ತು ಹಿಂದೆ. ಮೊದಲ ಏಳೂ ಕಾರುಗಳಲ್ಲಿ ಮಿಶೆಲಿನ್ ಟೈರ್. ಚಾಂಪಿಯನ್‌ಶಿಪ್ ಪಟ್ಟಿ ಹೇಗಿತ್ತು ಗೊತ್ತಾ? ಶೂಮಾಕರ್ 72, ವಿಲಿಯಮ್ಸ್‌ನ ಮೊಂಟೊಯಾ 71, ಮೆಕ್‌ಲಾರೆನ್‌ನ ಕಿಮಿ ರೈಕೊನೆನ್ 70. ಉಳಿದಿದ್ದು ಮೂರೇ ರೇಸ್.

ಅಷ್ಟರಲ್ಲಿ ಒಂದು ಫೋಟೊ ಎದ್ದು ಕೂತಿತು. ಓಡಿ ಬಂದ ಮಿಶೆಲಿನ್ ಮುಂದಿನ ಟೈರ್ ನೆಲಕ್ಕೆ ತಾಗುವ ಅಗಲ ಮಿತಿಗಿಂತ ಹೆಚ್ಚಿದೆ ಎಂಬ ದೂರು. ಮಿತಿ 270 ಮಿಲಿಮೀಟರ್. ಮಿಶೆಲಿನ್‌ನವರ ವಾದ, ನಮ್ಮ ಟೈರ್ ಹೊಸದಾಗಿದ್ದಾಗ ಅಳೆದರೆ ಮಿತಿಯೊಳಗೇ ಇದೆಯಲ್ಲ? ಅದೂ ನಿಜ. ಟೈರ್ ಓಡಿ ಸವೆದ ಮೇಲೆ ಅದರ ಭುಜವೂ ನೆಲಕ್ಕೆ ತಾಗಿ ಅಗಲ ಹೆಚ್ಚಾಗುತ್ತಿತ್ತು. ಎಫ್‌ಐಎ ಹೇಳಿತು: ಇನ್ಮುಂದೆ ಓಡಿದ ಮೇಲೂ ಅಳೆಯುತ್ತೇವೆ. ನಿಯಮದ 270 ಹಾಗೇ ಉಳಿಯಿತು, ಅಳೆಯುವ ಹೊತ್ತು ಬದಲಾಯ್ತು. ಮುಂದಿನ ರೇಸ್ ಇಟಲಿಯ ಮಾಂಜಾದಲ್ಲಿ, ಮೂರು ವಾರಕ್ಕೆ. ಮಿಶೆಲಿನ್ ಅಷ್ಟರೊಳಗೆ ಮುಂದಿನ ಟೈರನ್ನು ಹೊಸ ರೂಪದಲ್ಲಿ ತಯಾರಿಸಬೇಕಾಯ್ತು. ಮಾಂಜಾ ಶೂಮಾಕರ್ ಗೆದ್ದರು. ಇಂಡಿಯಾನಾಪೊಲಿಸ್ ಗೆದ್ದರು. ಕೊನೆಗೆ 93-91, ಎರಡೇ ಅಂಕಗಳಿಂದ ಪ್ರಶಸ್ತಿ.

ಟೈರ್ ವಿವಾದವೇ ಪ್ರಶಸ್ತಿ ಕೊಡಿಸಿತಾ? ಹಾಗೆ ಹೇಳಿಬಿಟ್ಟರೆ ಹೆಡ್‌ಲೈನ್ ಚೆನ್ನಾಗಿರುತ್ತೆ. ಆದರೆ ಮಾಂಜಾದಲ್ಲಿ ಮೊಂಟೊಯಾ ಹೊಸ ಟೈರ್‌ನಲ್ಲೇ ಶೂಮಾಕರ್ ಬೆನ್ನು ಹತ್ತಿ ಎರಡನೆಯವನಾಗಿ ಮುಗಿಸಿದ. ಇಂಡಿಯಾನಾಪೊಲಿಸ್‌ನಲ್ಲಿ ಮಳೆ ಬಂತು, ಜೊತೆಗೆ ಬ್ಯಾರಿಕೆಲೊ ಕಾರಿಗೆ ಡಿಕ್ಕಿ ಹೊಡೆದಿದ್ದಕ್ಕೆ ಮೊಂಟೊಯಾಗೆ ದಂಡ ಬಿತ್ತು. ಇಷ್ಟೆಲ್ಲ ಕಾರಣ ಇರುವಾಗ ಒಂದನ್ನೇ ಎತ್ತಿ ತೋರಿಸೋದು ಸರಿಯಲ್ಲ. ನನ್ನ ತಕರಾರು ಬೇರೆ. ಪುಸ್ತಕದಲ್ಲಿ ಸ್ಪಷ್ಟವಾಗಿ ಇಲ್ಲದ ಅಳತೆಯ ವಿಧಾನವನ್ನು ಮೂರು ರೇಸ್ ಬಾಕಿ ಇರುವಾಗ, ಮೂವರು ಎರಡು ಅಂಕಗಳ ಒಳಗೆ ಇರುವಾಗ ತಂದರೆ, ಗೆದ್ದವನ ಗೆಲುವಿಗೂ ಕಲೆ ಅಂಟುತ್ತೆ. ಶೂಮಾಕರ್‌ಗೆ ಆ ಕಲೆ ಬೇಕಿರಲಿಲ್ಲ.

ಈಗ 2006. ನನ್ನ ಪ್ರಕಾರ ಇದು ಈ ವಿಷಯದ ಅತ್ಯಂತ ಸ್ವಾರಸ್ಯದ ಪ್ರಕರಣ, ಸ್ವಲ್ಪ ನಿಧಾನವಾಗಿ ನೋಡೋಣ.

ರೆನೋ ತಂಡದ ಕಾರಿನ ಮೂತಿಯೊಳಗೆ ಒಂದು ಡಬ್ಬಿ ಇತ್ತು. ಡಬ್ಬಿಯೊಳಗೆ ಸುಮಾರು 9 ಕೆಜಿಯ ಒಂದು ತೂಕ, ಮೇಲೊಂದು ಕೆಳಗೊಂದು ಸ್ಪ್ರಿಂಗ್. ಅಷ್ಟೇ. ಹೆಸರು 'ಮಾಸ್ ಡ್ಯಾಂಪರ್'. ಕಾರು ಉಬ್ಬಿನ ಮೇಲೆ ಹಾರಿದಾಗ ಮೂತಿ ಮೇಲಕ್ಕೆ ಹೋದರೆ, ಒಳಗಿನ ತೂಕ ತಡವಾಗಿ ಹೊರಟು ಅದಕ್ಕೆ ಎದುರಾಗಿ ಕುಣಿಯುತ್ತೆ, ಕುಣಿತ ಕುಣಿತವನ್ನು ಕೊಲ್ಲುತ್ತೆ. ವೈಬ್ರೇಷನ್ಸ್ ಅನ್ನೋ ಸಬ್ಜೆಕ್ಟ್ ಓದಿದವರಿಗೆಲ್ಲ ಇದರ ಸೂತ್ರ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಸೂತ್ರ. ತೈವಾನಿನ ತೈಪೆ 101 ಕಟ್ಟಡದ ಮೇಲ್ಭಾಗದಲ್ಲಿ ನೇತುಹಾಕಿರುವ ಬೃಹತ್ ಗುಂಡಿನ ಕೆಲಸವೂ ಇದೇ. ಗಾಳಿಗೆ ಕಟ್ಟಡ ಓಲಾಡಿದರೆ ಗುಂಡು ಎದುರು ದಿಕ್ಕಿಗೆ ಓಲಾಡುತ್ತೆ.

ಕಾರಿಗೆ ಇದರಿಂದ ಏನು ಲಾಭ? ಟೈರ್ ನೆಲ ಬಿಟ್ಟು ಕುಪ್ಪಳಿಸುವುದು ಕಡಿಮೆ, ಹಾಗಾಗಿ ಹಿಡಿತ ಹೆಚ್ಚು. ಮೂತಿ ಮೇಲೆ ಕೆಳಗೆ ಆಡದೇ ಇರೋದರಿಂದ ಕಾರಿನ ಕೆಳಗೆ ಹರಿಯುವ ಗಾಳಿಯೂ ಸ್ಥಿರ. ರೆನೋ ಇದನ್ನು 2005ರ ಕೊನೆಯಲ್ಲಿ ಬಳಸೋಕೆ ಶುರು ಮಾಡಿತು. ಎಫ್‌ಐಎಗೆ ಗೊತ್ತಿತ್ತು, ಆಕ್ಷೇಪ ಇರಲಿಲ್ಲ. ಆ ಧೈರ್ಯದ ಮೇಲೆ 2006ರ ಇಡೀ ಕಾರನ್ನೇ ಈ ಡಬ್ಬಿಯನ್ನು ಲೆಕ್ಕದಲ್ಲಿಟ್ಟು ರೂಪಿಸಿದರು. ಬೇರೆ ತಂಡಗಳೂ ತಮ್ಮ ಕಾರಿಗೆ ಇಂಥದ್ದನ್ನು ಸಿಕ್ಕಿಸಿ ನೋಡಿದವು, ಆದರೆ ಅವಕ್ಕೆ ಅಷ್ಟು ಲಾಭ ಆಗಲಿಲ್ಲ. ಗಿಡ ಬೆಳೆದ ಮೇಲೆ ಗೊಬ್ಬರ ಸುರಿಯುವುದಕ್ಕೂ, ಹದ ಮಾಡಿದ ಮಣ್ಣಲ್ಲೇ ನೆಡುವುದಕ್ಕೂ ಇರುವ ವ್ಯತ್ಯಾಸ.

ಜೂನ್ ಕೊನೆಗೆ, ಕೆನಡಾ ರೇಸ್ ಮುಗಿದಾಗ ಅಲೊನ್ಸೊ 84, ಶೂಮಾಕರ್ 59. ಅಂತರ 25. ಆ ಬೇಸಿಗೆಯಲ್ಲಿ ಎಫ್‌ಐಎ ಓದುವ ರೀತಿ ಬದಲಾಯಿತು. ಮಾಸ್ ಡ್ಯಾಂಪರ್ ಅನ್ನೋದು 'ಚಲಿಸುವ ಏರೋಡೈನಮಿಕ್ ಸಾಧನ', ಆದ್ದರಿಂದ ಜರ್ಮನಿಯ ಹಾಕನ್‌ಹೈಮ್ ರೇಸ್‌ನಿಂದ ನಿಷಿದ್ಧ.

ಸ್ವಲ್ಪ ಯೋಚನೆ ಮಾಡಿ. ಈ ತೂಕಕ್ಕೆ ಗಾಳಿ ತಾಗುವುದೇ ಇಲ್ಲ! ಮೂತಿಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಕೂತಿದೆ. ಇದು ಏರೋಡೈನಮಿಕ್ ಸಾಧನ ಹೇಗೆ? ಎಫ್‌ಐಎ ತರ್ಕ: ತೂಕ ಅಲುಗಾಡಿ ಕಾರಿನ ಮಟ್ಟವನ್ನು ಕಾಯುತ್ತೆ, ಅದರಿಂದ ಗಾಳಿಯ ಹರಿವು ಸುಧಾರಿಸುತ್ತೆ, ಆದ್ದರಿಂದ ಅದು ಗಾಳಿಯ ಮೇಲೆ ಪರಿಣಾಮ ಬೀರುವ ಅಲುಗಾಡುವ ಭಾಗ. ಈ ತರ್ಕ ಹಿಡಿದು ಹೊರಟರೆ ಕಾರಿನ ಸಸ್ಪೆನ್ಷನ್ ಕೂಡ ಇದೇ ಅಪರಾಧಿ, ಅಲ್ವಾ? ಹಾಕನ್‌ಹೈಮ್‌ನ ರೇಸ್ ತೀರ್ಪುಗಾರರಿಗೂ ಎಫ್‌ಐಎ ತರ್ಕ ಒಪ್ಪಿಗೆಯಾಗಲಿಲ್ಲ. ಸಾಧನ ಕಾನೂನುಬದ್ಧ ಅಂದುಬಿಟ್ಟರು. ಆಗ ನಡೆದದ್ದು ವಿಚಿತ್ರ. ಎಫ್‌ಐಎ ತನ್ನದೇ ತೀರ್ಪುಗಾರರ ವಿರುದ್ಧ ಮೇಲ್ಮನವಿ ಹಾಕಿತು! ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಎಫ್‌ಐಎ ಪರ ನಿಂತಿತು. ಅಷ್ಟರೊಳಗೆ ರೆನೋ, ಎಲ್ಲಿ ಅಂಕ ಕಿತ್ತುಕೊಳ್ಳುತ್ತಾರೋ ಎಂಬ ಭಯಕ್ಕೆ ಹಾಕನ್‌ಹೈಮ್‌ನಲ್ಲೇ ಆ ಡಬ್ಬಿ ತೆಗೆದಿಟ್ಟು ಓಡಿತ್ತು.

ಅಂಕಗಳನ್ನು ನೋಡಿ. ಅಂತರ 25 ಇದ್ದದ್ದು ಅಮೆರಿಕ, ಫ್ರಾನ್ಸ್ ರೇಸ್‌ಗಳಲ್ಲಿ 17ಕ್ಕೆ ಇಳಿದಿತ್ತು. ಗಮನಿಸಿ, ಇವೆರಡೂ ನಿಷೇಧಕ್ಕೆ ಮುಂಚಿನ ರೇಸ್‌ಗಳು, ಎರಡನ್ನೂ ಗೆದ್ದಿದ್ದು ಶೂಮಾಕರ್. ಫೆರಾರಿ ಆಗಲೇ ಚುರುಕಾಗಿತ್ತು. ಹಾಕನ್‌ಹೈಮ್‌ನಲ್ಲಿ ಶೂಮಾಕರ್ ಗೆಲುವು, ಅಲೊನ್ಸೊ ಐದನೇ ಸ್ಥಾನ, ಅಂತರ 11. ಮಾಂಜಾದಲ್ಲಿ ಅಲೊನ್ಸೊ ಎಂಜಿನ್ ಕೈಕೊಟ್ಟಿತು, ಅಂತರ 2. ಚೀನಾದಲ್ಲಿ ಇಬ್ಬರೂ 116, ಸಮಸಮ. ಜಪಾನಿನ ಸುಜುಕಾದಲ್ಲಿ ಶೂಮಾಕರ್ ಮುಂದಿದ್ದರು. ಅವರ ಎಂಜಿನ್ ಹೊಗೆ ಉಗುಳಿತು. ಅಲೊನ್ಸೊ ಗೆದ್ದ. ಕೊನೆಯ ಲೆಕ್ಕ 134-121, ಅಲೊನ್ಸೊ ಚಾಂಪಿಯನ್.

ಹಾಗಾಗಿ ಪುಸ್ತಕದಲ್ಲಿ ನಿಷೇಧದಿಂದ ಯಾರ ಪ್ರಶಸ್ತಿಯೂ ಹೋಗಲಿಲ್ಲ. ಆದರೆ ರೆನೋ ಎಂಜಿನಿಯರ್‌ಗಳ ಸ್ಥಿತಿ ಊಹಿಸಿ. ತೂಕ ತೆಗೆದರೆ ಕಾರು ಅದೇ ಕಾರಲ್ಲ. ಸ್ಪ್ರಿಂಗ್ ಗಡಸುತನ, ಟೈರ್ ಒತ್ತಡ, ತೂಕದ ಹಂಚಿಕೆ, ಎಲ್ಲವನ್ನೂ ಆ ಡಬ್ಬಿ ಇದೆ ಅಂದುಕೊಂಡು ಲೆಕ್ಕ ಹಾಕಿದ್ದು. ಮನೆ ಕಟ್ಟಿ ಮುಗಿದ ಮೇಲೆ ಆ ಕಂಬ ತೆಗೀರಿ, ಬೇಕಾದ್ರೆ ಬೇರೆ ಕಡೆ ಕಂಬ ಹಾಕ್ಕೊಳ್ಳಿ ಅಂದ ಹಾಗೆ. ಅಂದಹಾಗೆ, ಈ ಮಾಸ್ ಡ್ಯಾಂಪರ್ ರೂಪಿಸಿದ ಹೆಗ್ಗಳಿಕೆ ಹೊತ್ತ ಎಂಜಿನಿಯರ್ ರಾಬ್ ಮಾರ್ಷಲ್. ಈಗ ಎಲ್ಲಿದ್ದಾರೆ ಗೊತ್ತಾ? ಮೆಕ್‌ಲಾರೆನ್‌ನಲ್ಲಿ, ಮುಖ್ಯ ವಿನ್ಯಾಸಕ. ಬಾರ್ಸಿಲೋನಾದ ಹೊಸ ಪರೀಕ್ಷೆಗೆ ಮೆಕ್‌ಲಾರೆನ್ ಯಾಕೆ ಬೆಚ್ಚಲಿಲ್ಲ ಅನ್ನೋದಕ್ಕೆ ಇದೊಂದೇ ಉತ್ತರ ಅಲ್ಲ. ನಿಯಮ ಮಧ್ಯದಲ್ಲಿ ಬದಲಾದರೆ ಏನಾಗುತ್ತೆ ಅಂತ ಮೈಮೇಲೆ ಅನುಭವಿಸಿದ ಮನುಷ್ಯ ಅಲ್ಲಿದ್ದಾರೆ ಅನ್ನೋದು ಮಾತ್ರ ನಿಜ. ಇನ್ನೊಂದು ಕಾರಣ ಸರಳ. ಈ ಸಲ ಎಫ್‌ಐಎ ಜನವರಿಯಲ್ಲೇ ಹೇಳಿತ್ತು, ಇಂಥ ರೇಸ್‌ನಿಂದ ಇಷ್ಟು ಅಳತೆ ಅಂತ. ತಿಂಗಳುಗಟ್ಟಲೆ ಸಮಯ ಸಿಕ್ಕರೆ ಒಳ್ಳೆಯ ತಂಡ ಒಳ್ಳೆಯದಾಗಿಯೇ ಉಳಿಯುತ್ತೆ.

ಇಲ್ಲೀವರೆಗೆ ಹೇಳಿದ್ದು ಅಳತೆ, ಓದು, ತರ್ಕ. ಈಗ ಎರಡನೇ ಅಸ್ತ್ರ, ಸುರಕ್ಷತೆ. ಇಲ್ಲಿ ನಗು ಬೇಡ.

1994ರ ಏಪ್ರಿಲ್ 30, ಇಟಲಿಯ ಇಮೊಲಾ. ಅರ್ಹತಾ ಸುತ್ತಿನಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಜನ್‌ಬರ್ಗರ್ ಸತ್ತರು. ಮರುದಿನ ರೇಸ್‌ನಲ್ಲಿ ಅಯರ್ಟನ್ ಸೆನ್ನಾ. ಮೂರು ಬಾರಿಯ ಚಾಂಪಿಯನ್, ಇಡೀ ಬ್ರೆಜಿಲ್‌ನ ಕಣ್ಮಣಿ. ಆಮೇಲೆ ಎಫ್‌ಐಎ ಯಾರ ಒಪ್ಪಿಗೆಗೂ ಕಾಯಲಿಲ್ಲ. ಕೆಲವೇ ವಾರಗಳಲ್ಲಿ ಕಾರಿನ ಹಿಂದಿನ ಡಿಫ್ಯೂಸರ್ ಕತ್ತರಿಸಿದರು. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ತಗ್ಗಿಸೋಕೆ ಕಾರಿನ ಹಿಂಬದಿಯ ಹೊದಿಕೆಗೆ ತೂತು ಕೊರೆಸಿದರು. ಜುಲೈ ಕೊನೆಯ ಜರ್ಮನಿ ರೇಸ್‌ನಿಂದ ಪ್ರತಿ ಕಾರಿನ ತಳಕ್ಕೆ 10 ಮಿಲಿಮೀಟರ್ ದಪ್ಪದ ಒಂದು ಹಲಗೆ ಕಡ್ಡಾಯ ಆಯ್ತು. ಕಾರು ನೆಲಕ್ಕೆ ತೀರಾ ಹತ್ತಿರ ಹೋಗದಿರಲಿ ಅಂತ. ಹಲಗೆ 1 ಮಿಲಿಮೀಟರ್‌ಗಿಂತ ಹೆಚ್ಚು ಸವೆದರೆ ಅನರ್ಹ. ಒಂದೇ ತಿಂಗಳಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಗೆದ್ದ ಶೂಮಾಕರ್‌ಗೆ ಅದೇ ಹಲಗೆಯ ಸವೆತದಿಂದ ಗೆಲುವು ಹೋಯಿತು.

ಆ ಹಲಗೆ ಈಗಲೂ ಇದೆ. 2023ರಲ್ಲಿ ಆಸ್ಟಿನ್‌ನಲ್ಲಿ ಹ್ಯಾಮಿಲ್ಟನ್ ಮತ್ತು ಲೆಕ್ಲರ್ಕ್, 2025ರ ಮಾರ್ಚ್‌ನಲ್ಲಿ ಚೀನಾದಲ್ಲಿ ಮತ್ತೆ ಹ್ಯಾಮಿಲ್ಟನ್, ಇದರ ಸವೆತದಿಂದಲೇ ಅನರ್ಹರಾದರು. ಒಂದು ಸೀಸನ್ ಮಧ್ಯೆ ದುಃಖದ ಬಿಸಿಯಲ್ಲಿ ಬಂದ ನಿಯಮ 30 ವರ್ಷ ದಾಟಿ ಬದುಕಿದೆ. ಇದು ಅನ್ಯಾಯ ಅಂತ ಯಾರಾದರೂ ವಾದಿಸಿದರೆ ನಾನು ಒಪ್ಪಲ್ಲ. ಚಾಲಕ ಮನೆಗೆ ವಾಪಸ್ ಹೋಗೋದು ಅಂಕಪಟ್ಟಿಗಿಂತ ದೊಡ್ಡದು.

ಆದರೆ ಸುರಕ್ಷತೆಯ ಹೆಸರಿನಲ್ಲಿ ಬಂದ ಬದಲಾವಣೆಯೂ ಯಾರದೋ ಹೊಟ್ಟೆ ಮೇಲೆ ಹೊಡೆಯುತ್ತೆ. 2022ರಲ್ಲಿ ಹೊಸ ಮಾದರಿಯ ಕಾರುಗಳು ನೇರ ರಸ್ತೆಯಲ್ಲಿ ಕುದುರೆಯ ಹಾಗೆ ಕುಪ್ಪಳಿಸೋಕೆ ಶುರು ಮಾಡಿದವು. ಬಾಕುವಿನಲ್ಲಿ ರೇಸ್ ಮುಗಿಸಿದ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿಂದ ಇಳಿದದ್ದನ್ನು ಇಡೀ ಜಗತ್ತು ನೋಡಿತು. ಎಫ್‌ಐಎ ಕುಪ್ಪಳಿಕೆಗೆ ಒಂದು ಮಿತಿ ಹಾಕಿತು, ತಳದ ಹಲಗೆ ಬಾಗುವುದನ್ನೂ ಬಿಗಿಗೊಳಿಸಿತು, ಜಾರಿ ಸ್ಪಾದಿಂದ. ಹೆಚ್ಚು ಕುಪ್ಪಳಿಸುತ್ತಿದ್ದ ಮರ್ಸಿಡಿಸ್‌ಗೆ ಲಾಭ, ಮುಂದಿದ್ದ ರೆಡ್ ಬುಲ್‌ಗೆ ಪೆಟ್ಟು ಎಂಬ ಲೆಕ್ಕಾಚಾರ ನಡೆದಿತ್ತು. ಸ್ಪಾದಲ್ಲಿ ರೆಡ್ ಬುಲ್‌ನ ವರ್ಸ್ಟಾಪನ್ 14ನೇ ಸ್ಥಾನದಿಂದ ಹೊರಟು ಗೆದ್ದ! ಅಲ್ಲಿಂದ ಕೊನೆಯವರೆಗಿನ 9 ರೇಸ್‌ಗಳಲ್ಲಿ 8 ರೆಡ್ ಬುಲ್ ಪಾಲು, ಒಂದು ಮರ್ಸಿಡಿಸ್‌ಗೆ. ಅದಕ್ಕೂ ಮುಂಚೆ 4 ರೇಸ್ ಗೆದ್ದಿದ್ದ ಫೆರಾರಿಗೆ ಆಮೇಲೆ ಒಂದೂ ಇಲ್ಲ. ಫೆರಾರಿ ಕುಸಿತಕ್ಕೆ ಆ ಸುತ್ತೋಲೆ ಎಷ್ಟು ಕಾರಣ, ಅವರದೇ ತಪ್ಪುಗಳು ಎಷ್ಟು ಅನ್ನೋ ಜಗಳ ಮುಗಿದಿಲ್ಲ. ಗುರಿ ಇಟ್ಟಿದ್ದು ಎಲ್ಲಿಗೆ, ಬಿದ್ದಿದ್ದು ಎಲ್ಲಿ ಅಂತ ಮಾತ್ರ ನೋಡಿ.

ಇನ್ನು ನಮ್ಮ ಮನೆಯ ಕಥೆ. 2013.

ಆಗ ಫಾರ್ಮುಲಾ ಒನ್‌ನಲ್ಲಿ ಭಾರತದ ಹೆಸರಿನ ಒಂದು ತಂಡ ಇತ್ತು, ಫೋರ್ಸ್ ಇಂಡಿಯಾ. ಕಾರ್ಖಾನೆ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನ ಪಕ್ಕ, ತಂಡದ ಮುಖ್ಯಸ್ಥರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ. (ಮಲ್ಯ ಅವರ ಉಳಿದ ಕಥೆ ನಿಮಗೆ ಗೊತ್ತು, ಅದಕ್ಕೆ ಬೇರೆ ಎಪಿಸೋಡೇ ಬೇಕು.) ಫೆರಾರಿ, ಮೆಕ್‌ಲಾರೆನ್ ಮುಂದೆ ಇದು ಚಿಕ್ಕ ತಂಡ, ಕೈಯಲ್ಲಿ ದುಡ್ಡು ಕಡಿಮೆ.

ಆ ವರ್ಷ ಟೈರ್ ಕಂಪನಿ ಪಿರೆಲಿ ಒಳಗೆ ಉಕ್ಕಿನ ಪಟ್ಟಿ ಇರುವ, ಬೇಗ ಸವೆಯುವ ಹೊಸ ಟೈರ್ ತಂದಿತ್ತು. ಸ್ಪೇನ್‌ನಲ್ಲಿ ಅಲೊನ್ಸೊ ಗೆಲ್ಲೋಕೆ ನಾಲ್ಕು ಸಲ ಟೈರ್ ಬದಲಿಸಬೇಕಾಯ್ತು. ರೆಡ್ ಬುಲ್, ಮರ್ಸಿಡಿಸ್‌ನಂಥ ಬಲಶಾಲಿ ಕಾರುಗಳು ಆ ಟೈರುಗಳನ್ನು ತಿಂದುಹಾಕುತ್ತಿದ್ದವು. ಆದರೆ ಲೋಟಸ್ ಮತ್ತು ನಮ್ಮ ಫೋರ್ಸ್ ಇಂಡಿಯಾ ಅದನ್ನು ಜೋಪಾನ ಮಾಡುವ ಕಾರು ಕಟ್ಟಿದ್ದವು. ಎಲ್ಲರಿಗೂ ಒಂದೇ ಟೈರ್, ಯಾರು ಅದನ್ನು ಅರ್ಥ ಮಾಡಿಕೊಂಡರೋ ಅವರಿಗೆ ಲಾಭ. ಇದಕ್ಕಿಂತ ನ್ಯಾಯ ಏನು ಬೇಕು? ಟೈರ್ ಬದಲಿಸಿ ಅಂತ ದೊಡ್ಡವರ ಕೂಗು ಎದ್ದಾಗ, ಅದಕ್ಕೆ ಎಲ್ಲ ತಂಡಗಳೂ ಒಪ್ಪಬೇಕಿತ್ತು. ಫೆರಾರಿ, ಲೋಟಸ್, ಫೋರ್ಸ್ ಇಂಡಿಯಾ ಒಪ್ಪಲಿಲ್ಲ.

ಜೂನ್ 30, ಸಿಲ್ವರ್‌ಸ್ಟೋನ್. ಮುಂದಿದ್ದ ಹ್ಯಾಮಿಲ್ಟನ್‌ನ ಹಿಂದಿನ ಎಡ ಟೈರ್ ಸಿಡಿಯಿತು. ಆಮೇಲೆ ಮಾಸಾ. ಆಮೇಲೆ ವರ್ನ್. ಕೊನೆಯ ಹೊತ್ತಿಗೆ ಪೆರೆಜ್. ಗಂಟೆಗೆ 250 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹೋಗುವಾಗ ಟೈರ್ ಚೂರುಚೂರಾಗಿ ಹಿಂದೆ ಬರುವವರ ಮುಖದತ್ತ ಹಾರುತ್ತಿತ್ತು. ಅವತ್ತು ಯಾರೂ ಸಾಯಲಿಲ್ಲ ಅನ್ನೋದು ಪುಣ್ಯ. ತಂಡಗಳು ಎಡ-ಬಲ ಟೈರ್ ಅದಲುಬದಲು ಮಾಡಿ ಹಾಕಿದ್ದು, ಗಾಳಿ ಕಡಿಮೆ ತುಂಬಿಸಿದ್ದು, ಚಕ್ರವನ್ನು ಅತಿಯಾಗಿ ಓರೆ ನಿಲ್ಲಿಸಿದ್ದು ಎಲ್ಲ ಸೇರಿ ಹೀಗಾಯ್ತು ಅಂತ ಪಿರೆಲಿ ಹೇಳಿತು. ಚಾಲಕರು ಮಾತ್ರ ಜರ್ಮನಿಯಲ್ಲಿ ಹೀಗೇ ಆದರೆ ರೇಸ್ ಬಿಟ್ಟು ಹೋಗುತ್ತೇವೆ ಅಂದರು. ಸರಿಯಾಗೇ ಅಂದರು.

ಈಗ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಒಂದೇ ವಾರದಲ್ಲಿ ಜರ್ಮನಿಗೆ ಉಕ್ಕಿನ ಬದಲು ಕೆವ್ಲಾರ್ ಪಟ್ಟಿಯ ಹಿಂದಿನ ಟೈರ್ ಬಂತು. ಹಂಗೇರಿಯಿಂದ 2012ರ ಹಳೆಯ ಒಳಕಟ್ಟಿನ ಟೈರ್. ಹೊರಗಿನಿಂದ ನೋಡಿದರೆ ಅದೇ ಕಪ್ಪು ರಬ್ಬರ್. ಒಳಗಿನ ಕಟ್ಟು ಬದಲಾದರೆ ಟೈರ್ ಉಬ್ಬುವ ರೀತಿ, ಕಾಯುವ ರೀತಿ, ಪಕ್ಕದಲ್ಲಿ ಗಾಳಿ ಹರಿಯುವ ರೀತಿ ಎಲ್ಲ ಬದಲಾಗುತ್ತೆ. ದೊಡ್ಡ ತಂಡಗಳು ಅದಕ್ಕೆ ತಕ್ಕಂತೆ ಕಾರಿನ ತಳ, ರೆಕ್ಕೆ ತಿದ್ದಿಕೊಂಡವು. ಅಲ್ಲದೆ 2014ಕ್ಕೆ ಪೂರ್ತಿ ಹೊಸ ಟರ್ಬೊ ಎಂಜಿನ್‌ನ ಕಾರು ಬೇರೆ ಕಟ್ಟಬೇಕಿತ್ತು. ಚಿಕ್ಕ ತಂಡ ಹಳೇ ಕಾರಿಗೆ ಖರ್ಚು ಮಾಡುತ್ತಾ, ಹೊಸದಕ್ಕೆ ಉಳಿಸುತ್ತಾ?

ಲೆಕ್ಕ ನೋಡಿ. ಸಿಲ್ವರ್‌ಸ್ಟೋನ್‌ವರೆಗಿನ ಮೊದಲ 8 ರೇಸ್‌ಗಳಲ್ಲಿ ಫೋರ್ಸ್ ಇಂಡಿಯಾ ಗಳಿಸಿದ್ದು 59 ಅಂಕ. ಅದೇ ಹೊತ್ತಿಗೆ ಮೆಕ್‌ಲಾರೆನ್ 37. ಹೌದು, ಮೆಕ್‌ಲಾರೆನ್‌ಗಿಂತ ನಮ್ಮವರು 22 ಅಂಕ ಮುಂದೆ, ಐದನೇ ಸ್ಥಾನದಲ್ಲಿ! ಆಮೇಲಿನ 11 ರೇಸ್‌ಗಳಲ್ಲಿ? 18. ಒಟ್ಟು 77. ಮೆಕ್‌ಲಾರೆನ್ 122 ಮಾಡಿ ಐದನೇ ಸ್ಥಾನ ಕಿತ್ತುಕೊಂಡಿತು. ಈ ಸ್ಥಾನ ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಬಹುಮಾನದ ಹಣ ಹಂಚುವುದು ತಂಡಗಳ ಸ್ಥಾನ ನೋಡಿಕೊಂಡು. ಒಂದು ಮೆಟ್ಟಿಲು ಇಳಿದರೆ ಮುಂದಿನ ವರ್ಷದ ಕಾರಿಗೆ ಅಷ್ಟು ದುಡ್ಡು ಕಡಿಮೆ, ಚಿಕ್ಕ ತಂಡಕ್ಕೆ ಅದು ಸಂಬಳದ ಪ್ರಶ್ನೆಯೂ ಹೌದು.

ಇನ್ನೊಂದು ಕಡೆ ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟ್ಟೆಲ್. ಜರ್ಮನಿವರೆಗಿನ 9 ರೇಸ್‌ಗಳಲ್ಲಿ 4 ಗೆಲುವು. ಹಂಗೇರಿ ಹ್ಯಾಮಿಲ್ಟನ್‌ಗೆ ಹೋಯಿತು. ಆಮೇಲೆ ಸೀಸನ್‌ನ ಉಳಿದ 9 ರೇಸ್, 9ಕ್ಕೆ 9 ವೆಟ್ಟೆಲ್. ಅವರು ಹೇಗೂ ಗೆಲ್ಲುತ್ತಿದ್ದರು ಅಂತಲೇ ನನ್ನ ಅಭಿಪ್ರಾಯ, ಟೈರ್ ಬದಲಾಗುವ ಮುಂಚೆಯೇ ಪಟ್ಟಿಯಲ್ಲಿ ಮೊದಲಿದ್ದರು. ಆದರೆ ಟೈರ್ ಬಗ್ಗೆ ಮೊದಲಿಂದಲೂ ಜೋರಾಗಿ ದೂರುತ್ತಿದ್ದ ತಂಡಕ್ಕೆ ತಾನು ಕೇಳಿದ್ದು ಸಿಕ್ಕಿತು, ಕೇಳಿದ ಕಾರಣಕ್ಕಲ್ಲದಿದ್ದರೂ. ಒಪ್ಪದೇ ಕೂತಿದ್ದ ಚಿಕ್ಕ ತಂಡ ತಪ್ಪು ಮಾಡಿರಲಿಲ್ಲ. ಅವರ ಚಾಲಕರಾದ ಪಾಲ್ ಡಿ ರೆಸ್ಟಾ, ಆಡ್ರಿಯನ್ ಸುಟಿಲ್ ಇಬ್ಬರ ಟೈರೂ ಸಿಲ್ವರ್‌ಸ್ಟೋನ್‌ನಲ್ಲಿ ಸಿಡಿದಿರಲಿಲ್ಲ, ಇಬ್ಬರೂ ಅಂಕ ತಂದಿದ್ದರು. ಬೇರೆಯವರ ಟೈರ್ ಸಿಡಿದಿದ್ದಕ್ಕೆ ಇವರು ಬೆಲೆ ಕಟ್ಟಿದರು. ಬದಲಾವಣೆ ಬೇಕಿತ್ತಾ? ಖಂಡಿತ ಬೇಕಿತ್ತು. ಅದರ ಬಿಲ್ ಯಾರಿಗೆ ಹೋಯಿತು ಅನ್ನೋದನ್ನೂ ಬರೆದಿಡಬೇಕು, ಅಷ್ಟೇ ನಾನು ಹೇಳೋದು.

ಅಕ್ಟೋಬರ್ 27ರಂದು ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ ಭಾರತದ ಗ್ರ್ಯಾನ್ ಪ್ರಿ ನಡೆಯಿತು. ವೆಟ್ಟೆಲ್ ಗೆದ್ದು ಅಲ್ಲೇ ನಾಲ್ಕನೇ ಬಾರಿ ವಿಶ್ವ ಚಾಂಪಿಯನ್ ಆದರು. ಫೋರ್ಸ್ ಇಂಡಿಯಾದ ಡಿ ರೆಸ್ಟಾ ಎಂಟನೇ ಸ್ಥಾನ, ಸುಟಿಲ್ ಒಂಬತ್ತನೇ ಸ್ಥಾನ, ಇಬ್ಬರಿಗೂ ಸೇರಿ 6 ಅಂಕ. ಆಮೇಲೆ ಭಾರತದಲ್ಲಿ ಫಾರ್ಮುಲಾ ಒನ್ ರೇಸ್ ನಡೆದಿಲ್ಲ. 2018ರಲ್ಲಿ ಸಾಲದ ಹೊರೆಯಿಂದ ತಂಡ ಕೈಬದಲಾಯಿತು. ಇವತ್ತು ಆಸ್ಟನ್ ಮಾರ್ಟಿನ್ ಅನ್ನೋ ಹೆಸರಿನಲ್ಲಿ, ಅದೇ ಸಿಲ್ವರ್‌ಸ್ಟೋನ್‌ನಿಂದ ಓಡುತ್ತಿದೆ. ಅದರ ಒಂದು ಕಾರಿನಲ್ಲಿ ಕೂತಿರುವುದು ಫರ್ನಾಂಡೊ ಅಲೊನ್ಸೊ.